ಅರ್ಧ ತಲೆಗೆ ಒಂದು, ಇನ್ನರ್ಧಕ್ಕೆ ಇನ್ನೊಂದು

(ಕಡಿಮೆ ಬೆಲೆಯ ಮೇಕಪ್ ಮತ್ತು ಕೂದಲಿನ ಆರೈಕೆಯ ಸಾಮಾನುಗಳನ್ನು ಹೋಲಿಸಿ ನೋಡುವ ಬಗ್ಗೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಈ ವಿಷಯದ ಮೇಲೆ ಮಾತಾಡಲು ಹೋದ ಕಡೆಯೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. "ಕಡಿಮೆ ಬೆಲೆಯದು ಹಾಕಿಕೊಂಡರೆ ಏನೂ ಆಗಲ್ಲ ಅಲ್ವಾ?" ಕೇಳುವವರ ದನಿಯಲ್ಲಿ ಸ್ವಲ್ಪ ಭಯ, ಸ್ವಲ್ಪ ಸಂಕೋಚ. ದುಬಾರಿ ಡಬ್ಬಿ ತಂದಿಟ್ಟುಕೊಂಡವರ ಪ್ರಶ್ನೆ ಬೇರೆ. "ಇಷ್ಟು ಕೊಟ್ಟು ತಂದಿದ್ದೀನಿ, ಇದು ನಿಜವಾಗಲೂ ಅಷ್ಟು ಚೆನ್ನಾಗಿದೆಯಾ?" ಇಬ್ಬರಿಗೂ ನಾನು ಹೇಳುವುದು ಒಂದೇ. ಬೆಲೆ ನೋಡಿ ಹೇಳಲು ಆಗುವುದಿಲ್ಲ. ಎರಡನ್ನೂ ನಿಮ್ಮದೇ ತಲೆಗೆ, ನಿಮ್ಮದೇ ಮುಖಕ್ಕೆ ಅಕ್ಕಪಕ್ಕ ಹಾಕಿ ನೋಡಬೇಕು. ಹಾಗೆ ನೋಡುವುದು ಹೇಗೆ ಅನ್ನುವುದೇ ಇವತ್ತಿನ ಮಾತು. ಯಾವ ಬ್ರ್ಯಾಂಡ್ ಕೊಳ್ಳಬೇಕು ಅಂತ ನಾನು ಹೇಳುವುದಿಲ್ಲ. ಹೇಳಿದರೂ ಉಪಯೋಗ ಕಡಿಮೆ. ನನ್ನ ಕೂದಲು ನಿಮ್ಮ ತಲೆಯ ಮೇಲಿಲ್ಲವಲ್ಲ.

ಕಾಸಿಗೆ ತಕ್ಕ ಕಜ್ಜಾಯ ಅನ್ನುತ್ತೇವೆ. ಈ ಸಾಮಾನುಗಳ ವಿಷಯದಲ್ಲಿ ಆ ಮಾತು ಅರ್ಧ ಮಾತ್ರ ನಿಜ. ನಾವು ಕೊಡುವ ಹಣದಲ್ಲಿ ಬಾಟಲಿಯ ಗಾಜು, ಅದರ ಭಾರವಾದ ಮುಚ್ಚಳ, ಪರಿಮಳ, ಜಾಹೀರಾತು, ಅಂಗಡಿಯಲ್ಲಿ ದೀಪ ಹಾಕಿದ ಕೌಂಟರ್, ಎಲ್ಲವೂ ಸೇರಿರುತ್ತವೆ. ಒಳಗಿನ ಮಾಲಿಗೆ ಹೋಗುವ ಪಾಲು ಇವೆಲ್ಲ ಆದಮೇಲೆ ಉಳಿದದ್ದು.

ಕಂಪನಿಗಳ ಒಳಸಂಬಂಧ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಲೋರಿಯಾಲ್ ಕಂಪನಿ 1964ರಲ್ಲಿ ಲಾಂಕೋಮ್ ಅನ್ನು ಕೊಂಡಿತು. 1996ರಲ್ಲಿ ಮೇಬೆಲಿನ್ ಅನ್ನು ಕೊಂಡಿತು. ಒಂದು ದುಬಾರಿ ಕೌಂಟರಿನ ಹೆಸರು, ಇನ್ನೊಂದು ಎಲ್ಲ ಕಡೆ ಸಿಗುವ ಸಾಮಾನ್ಯರ ಹೆಸರು. ಎರಡಕ್ಕೂ ಯಜಮಾನ ಒಬ್ಬನೇ. ಇನ್ನೊಂದು ಜಾತಿಯ ಕಂಪನಿಗಳಿವೆ. ಅವುಗಳ ಹೆಸರು ನಮಗೆ ಯಾವ ಡಬ್ಬಿಯ ಮೇಲೂ ಕಾಣುವುದಿಲ್ಲ. 1972ರಲ್ಲಿ ಇಟಲಿಯಲ್ಲಿ ಶುರುವಾದ ಇಂಟರ್‌ಕಾಸ್, ಕೊರಿಯಾದ ಕಾಸ್‌ಮ್ಯಾಕ್ಸ್, ಇವೆಲ್ಲ ಬೇರೆಯವರ ಬ್ರ್ಯಾಂಡಿಗೆ ಮಾಲು ತಯಾರಿಸಿ ಕೊಡುವ ಕಾರ್ಖಾನೆಗಳು. ದುಬಾರಿ ಬ್ರ್ಯಾಂಡೂ ಅವರ ಗಿರಾಕಿ, ಅಗ್ಗದ ಬ್ರ್ಯಾಂಡೂ ಅವರ ಗಿರಾಕಿ.

ಹಾಗಂತ ಎರಡೂ ಡಬ್ಬಿಯಲ್ಲಿ ಒಂದೇ ಮಾಲು ತುಂಬಿದ್ದಾರೆ ಅಂತ ತಿಳಿಯಬೇಡಿ. ಇಂಟರ್‌ನೆಟ್ಟಿನಲ್ಲಿ ಓಡಾಡುವ "ಇದು ಅದರ ತದ್ರೂಪ" ಅನ್ನುವ ಮಾತುಗಳಲ್ಲಿ ಬಹಳಷ್ಟು ಬರೀ ಬಣ್ಣದ ಹೋಲಿಕೆ. ಬಣ್ಣ ಒಂದೇ ಆದರೂ ಹಚ್ಚಿದ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ, ತುಟಿ ಒಣಗಿಸುತ್ತದೆಯೇ, ಗೆರೆಗಳಲ್ಲಿ ಸೇರಿಕೊಳ್ಳುತ್ತದೆಯೇ ಅನ್ನುವುದು ಬೇರೆ ಬೇರೆ ಇರಬಹುದು.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಡಬ್ಬಿಯ ಬೆನ್ನಿನಿಂದ. ಮುಂದಿರುವುದು ಜಾಹೀರಾತು, ಹಿಂದಿರುವುದು ಲೆಕ್ಕ. ಬಹಳ ದೇಶಗಳಲ್ಲಿ ನಿಯಮ ಒಂದೇ ಥರ ಇದೆ. ಯಾವುದು ಜಾಸ್ತಿ ಇದೆಯೋ ಅದು ಪಟ್ಟಿಯಲ್ಲಿ ಮೊದಲು. ಶೇಕಡಾ 1ಕ್ಕಿಂತ ಕಡಿಮೆ ಇರುವವನ್ನು ಕೊನೆಯಲ್ಲಿ ಹೇಗೆ ಬೇಕಾದರೂ ಬರೆಯಬಹುದು. ಈ ಶೇಕಡಾ 1ರ ಗೆರೆ ಎಲ್ಲಿದೆ ಅಂತ ಯಾರೂ ಹೇಳುವುದಿಲ್ಲ. ಅದನ್ನು ಹಿಡಿಯಲು ಒಂದು ಉಪಾಯ ಇದೆ. ಫಿನಾಕ್ಸಿಎಥನಾಲ್ ಅನ್ನುವ, ಮಾಲು ಕೆಡದಂತೆ ಕಾಯುವ ರಾಸಾಯನಿಕ ಬಹಳ ಕಡೆ ಇರುತ್ತದೆ. ಯುರೋಪಿನ ಕಾನೂನಿನಲ್ಲಿ ಅದರ ಮಿತಿ ಶೇಕಡಾ 1. ಅಲ್ಲಿನ ನಿಯಮಕ್ಕೆ ಒಪ್ಪುವ ಡಬ್ಬಿಯಲ್ಲಿ ಆ ಹೆಸರಿನ ನಂತರ ಬಂದದ್ದೆಲ್ಲ, ಬಣ್ಣಗಳನ್ನು ಬಿಟ್ಟರೆ, ಶೇಕಡಾ 1 ಅಥವಾ ಅದಕ್ಕಿಂತ ಕಡಿಮೆ. ಮುಂದೆ ದೊಡ್ಡ ಅಕ್ಷರದಲ್ಲಿ ಯಾವುದೋ ಹೂವಿನ ಎಣ್ಣೆಯ ಚಿತ್ರ, ಹಿಂದೆ ನೋಡಿದರೆ ಅದು ಫಿನಾಕ್ಸಿಎಥನಾಲ್ ಆದಮೇಲೆ, ಪರಿಮಳಕ್ಕಿಂತ ಹಿಂದೆ. ಆ ಎಣ್ಣೆಯನ್ನು ನೋಡಿ ನೀವು ಹಣ ಕೊಡುತ್ತಿದ್ದರೆ ಸ್ವಲ್ಪ ತಡೆಯಿರಿ.

ಆದರೆ ಕೊನೆಯಲ್ಲಿದ್ದದ್ದೆಲ್ಲ ಬರೀ ತೋರಿಕೆಗೆ ಅನ್ನುವುದೂ ತಪ್ಪು. ಶಾಂಪೂವಿನಲ್ಲಿ ಕೂದಲನ್ನು ನಯ ಮಾಡುವ ಕೆಲವು ಪಾಲಿಮರುಗಳು, ಅಂದರೆ ಉದ್ದ ಸರಪಳಿಯಂಥ ಅಣುಗಳು, ಶೇಕಡಾ 1ಕ್ಕಿಂತ ಕಡಿಮೆ ಇದ್ದೂ ಚೆನ್ನಾಗಿ ಕೆಲಸ ಮಾಡುತ್ತವೆ. ಪಟ್ಟಿ ನೋಡಿದರೆ ಮೋಸ ಹೋಗುವುದು ಕಡಿಮೆಯಾಗುತ್ತದೆ. ಅಷ್ಟೇ. ಬಾಟಲಿ ಹೇಗಿದೆ ಅಂತ ಬಳಸದೆ ಗೊತ್ತಾಗುವುದಿಲ್ಲ.

ಲಿಪ್‌ಸ್ಟಿಕ್ ತೆಗೆದುಕೊಳ್ಳಿ. ಒಂದು ಅಗ್ಗದ್ದು, ಒಂದು ದುಬಾರಿಯದು, ಎರಡರ ಬೆನ್ನೂ ಓದಿ. ಮೇಣ, ಎಣ್ಣೆ, ಬಣ್ಣ. ಕಾರ್ನೌಬಾ ಅಥವಾ ಕ್ಯಾಂಡಲಿಲ್ಲಾ ಮೇಣ, ಜೇನುಮೇಣ, ಹರಳೆಣ್ಣೆ. ಕೊನೆಯಲ್ಲಿ ಸಿಐ ಅಂತ ಶುರುವಾಗುವ ಸಂಖ್ಯೆಗಳು. 77491 ಅಂದರೆ ಕೆಂಪು ಐರನ್ ಆಕ್ಸೈಡ್, 77492 ಹಳದಿ, 77499 ಕಪ್ಪು, 77891 ಅಂದರೆ ಬಿಳಿಯ ಟೈಟಾನಿಯಂ ಡೈಆಕ್ಸೈಡ್. 75470 ಇದ್ದರೆ ಅದು ಕಾರ್ಮೈನ್, ಕೊಚಿನೀಲ್ ಎಂಬ ಹುಳದಿಂದ ತೆಗೆದ ಕೆಂಪು. ಪ್ರಾಣಿಜನ್ಯ ಬೇಡ ಅನ್ನುವವರು ಈ ಸಂಖ್ಯೆ ನೆನಪಿಟ್ಟುಕೊಳ್ಳಿ. ಈ ಸಂಖ್ಯೆಗಳು ಎಲ್ಲ ಬೆಲೆಯ ಡಬ್ಬಿಯಲ್ಲೂ ಅವೇ. ವ್ಯತ್ಯಾಸ ಇರುವುದು ಬಣ್ಣವನ್ನು ಎಷ್ಟು ನುಣ್ಣಗೆ ಅರೆದಿದ್ದಾರೆ, ಎಷ್ಟು ಹಾಕಿದ್ದಾರೆ, ಮೇಣ ಮತ್ತು ಎಣ್ಣೆಯ ಹದ ಹೇಗಿದೆ ಅನ್ನುವುದರಲ್ಲಿ. ಇದ್ಯಾವುದನ್ನೂ ಪಟ್ಟಿ ಹೇಳುವುದಿಲ್ಲ.

"ಹಚ್ಚಿದರೆ ಅಂಟಲ್ಲ, ಅಳಿಸಲ್ಲ" ಅನ್ನುವ ದ್ರವ ಲಿಪ್‌ಸ್ಟಿಕ್ ಇದ್ದರೆ ಪಟ್ಟಿಯಲ್ಲಿ ಐಸೊಡೊಡೆಕೇನ್ ಹುಡುಕಿ. ಅದು ಬೇಗ ಆರಿ ಹೋಗುವ ದ್ರವ. ಅದರ ಜೊತೆಗೆ ಟ್ರೈಮೀಥೈಲ್‌ಸಿಲಾಕ್ಸಿಸಿಲಿಕೇಟ್ ಅನ್ನುವ ಉದ್ದ ಹೆಸರಿನ ರಾಳ ಇರುತ್ತದೆ. ದ್ರವ ಆರಿದ ಮೇಲೆ ಬಣ್ಣವನ್ನು ತುಟಿಗೆ ಹಿಡಿದು ಕೂರಿಸುವುದು ಈ ರಾಳ. ಇವೆರಡೂ ಅಗ್ಗದ ಲಿಪ್‌ಸ್ಟಿಕ್‌ನಲ್ಲೂ ಸಿಗುತ್ತವೆ. ಬಹುಕಾಲ ನಿಲ್ಲಬೇಕು ಅನ್ನುವುದೊಂದೇ ನಿಮ್ಮ ಆಸೆಯಾದರೆ, ಈ ವಿಭಾಗದಲ್ಲಿ ಜಾಸ್ತಿ ಹಣ ಹಾಕಲು ನನಗೆ ಕಾರಣ ಕಾಣುವುದಿಲ್ಲ.

ಈಗ ಕೂದಲಿಗೆ ಬರೋಣ. ಹೇಳಬೇಕಾದ್ದು ಇಲ್ಲೇ ಜಾಸ್ತಿ ಇರುವುದು.

ತಲೆಯಿಂದ ಹೊರಗೆ ಬಂದ ಕೂದಲಿಗೆ ಜೀವ ಇಲ್ಲ. ಅದು ಕೆರಾಟಿನ್ ಎಂಬ ಪ್ರೋಟೀನಿನ ಎಳೆ. ಹೊರಮೈಯಲ್ಲಿ ಹೆಂಚು ಜೋಡಿಸಿದ ಹಾಗೆ ತೆಳುವಾದ ಪದರಗಳು. ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ ಹೆಗಲ ತನಕ ಕೂದಲಿದ್ದವರ ತುದಿಗೆ ಎರಡು ಮೂರು ವರ್ಷ ವಯಸ್ಸು. ಅಷ್ಟು ಕಾಲದ ಬಿಸಿಲು, ಬಾಚಣಿಗೆ, ಡ್ರೈಯರ್, ಬಣ್ಣ, ಎಲ್ಲವನ್ನೂ ಅದು ಕಂಡಿದೆ. ಸೀಳಿದ ತುದಿಯನ್ನು ಯಾವ ಶಾಂಪೂವೂ ಮತ್ತೆ ಒಂದು ಮಾಡುವುದಿಲ್ಲ. ತಾತ್ಕಾಲಿಕವಾಗಿ ಅಂಟಿಸಿದಂತೆ ಕಾಣಿಸಬಹುದು, ಮುಂದಿನ ಸ್ನಾನದ ತನಕ. ಸೀಳಿದ್ದಕ್ಕೆ ಮದ್ದು ಕತ್ತರಿ.

ಶಾಂಪೂವಿನ ದೊಡ್ಡ ಪಾಲು ನೀರು. ಅದಾದ ಮೇಲೆ ಜಿಡ್ಡು ತೆಗೆಯುವ ಪದಾರ್ಥ, ಸಾಮಾನ್ಯವಾಗಿ ಸೋಡಿಯಂ ಲಾರೆತ್ ಸಲ್ಫೇಟ್, ಅದರ ಜೊತೆಗೆ ಅದನ್ನು ಸೌಮ್ಯ ಮಾಡುವ ಕೊಕಮಿಡೊಪ್ರೊಪೈಲ್ ಬೀಟೈನ್. ದಪ್ಪ ಬರಲಿ ಅಂತ ಬಹಳ ಸಲ ಬರೀ ಉಪ್ಪು. ದುಬಾರಿ ಶಾಂಪೂ ದಪ್ಪಗಿದೆ, ಗಟ್ಟಿ ಮಾಲು ಅನ್ನುವವರಿದ್ದಾರೆ. ಆ ದಪ್ಪಕ್ಕೆ ಕಾರಣ ಚಿಟಿಕೆ ಉಪ್ಪು ಇರಬಹುದು. ನೊರೆಯದೂ ಇದೇ ಕಥೆ. ಜಾಸ್ತಿ ನೊರೆ ಬಂದರೆ ಜಾಸ್ತಿ ಸ್ವಚ್ಛ ಅಂತ ಇಲ್ಲ. ತಲೆಯಲ್ಲಿ ಎಣ್ಣೆ ಇದ್ದಾಗ ನೊರೆ ಬರುವುದಿಲ್ಲ, ಎರಡನೇ ಸಲ ಹಚ್ಚಿದರೆ ಉಕ್ಕಿ ಬರುತ್ತದೆ. ಶಾಂಪೂ ಅದೇ, ಎಣ್ಣೆ ಹೋಗಿದೆ ಅಷ್ಟೇ.

"ಸಲ್ಫೇಟ್ ಇಲ್ಲ" ಅಂತ ಬರೆದ ಬಾಟಲಿಗೆ ಜಾಸ್ತಿ ಕೊಡುವವರು ಒಂದು ಸಲ ಹಿಂದೆ ತಿರುಗಿಸಿ ನೋಡಿ. ಕೆಲವದರಲ್ಲಿ ಸಲ್ಫೇಟ್ ಬದಲು ಒಲೆಫಿನ್ ಸಲ್ಫೊನೇಟ್ ಇರುತ್ತದೆ. ಜಿಡ್ಡು ತೆಗೆಯುವುದರಲ್ಲಿ ಅದೂ ಸಾಕಷ್ಟು ಜೋರು. ಶಾಂಪೂ ಸೌಮ್ಯವಾಗಿದೆಯೇ ಇಲ್ಲವೇ ಅನ್ನುವುದು ಒಟ್ಟು ಮಿಶ್ರಣದ ಗುಣ. ಒಂದು ಹೆಸರು ತೆಗೆದರೆ ಆಗಲಿಲ್ಲ.

ಪಿಎಚ್, ಅಂದರೆ ಹುಳಿ ಎಷ್ಟು, ಕ್ಷಾರ ಎಷ್ಟು ಅನ್ನುವ ಅಳತೆಯ ಬಗ್ಗೆ ಒಂದು ಮಾತು. ತಲೆಯ ಚರ್ಮದ ಪಿಎಚ್ ಸುಮಾರು 5.5, ಕೂದಲಿನದು ಸುಮಾರು 3.67. ಅದಕ್ಕಿಂತ ಮೇಲೆ ಹೋದಷ್ಟೂ ಕೂದಲಿನ ಮೇಲೆ ಋಣ ವಿದ್ಯುತ್ತಿನಂಶ ಹೆಚ್ಚುತ್ತದೆ. ಎಳೆಗಳು ಒಂದನ್ನೊಂದು ತಳ್ಳುತ್ತವೆ, ಉಜ್ಜಿಕೊಳ್ಳುತ್ತವೆ, ಸಿಕ್ಕಾಗುತ್ತವೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 123 ಶಾಂಪೂಗಳ ಪಿಎಚ್ ಅಳೆದರು. 5.5 ಅಥವಾ ಅದಕ್ಕಿಂತ ಕಡಿಮೆ ಇದ್ದದ್ದು ಸುಮಾರು 38 ಶೇಕಡಾ ಮಾತ್ರ. ಪಿಎಚ್ ಕಾಗದ ದುಬಾರಿ ಏನಲ್ಲ. ಶಾಂಪೂವನ್ನು ಸ್ವಲ್ಪ ನೀರಿನಲ್ಲಿ ಕಲಸಿ ಅದ್ದಿ ನೋಡಬಹುದು. ಮನೆಯಲ್ಲಿ ಸಂಖ್ಯೆಯಲ್ಲೇ ಉತ್ತರ ಸಿಗುವ ಪರೀಕ್ಷೆ ಇದೊಂದೇ ಅಂತ ಕಾಣುತ್ತದೆ. ನನಗೆ ಇದು ಬಹಳ ಇಷ್ಟ.

ಕಂಡಿಷನರ್ ಕೆಲಸ ಮಾಡುವುದೂ ಈ ವಿದ್ಯುತ್ತಿನ ಮೇಲೆಯೇ. ಕೂದಲಿನದು ಋಣ, ಕಂಡಿಷನರಿನ ಬೆಹೆಂಟ್ರಿಮೋನಿಯಂ ಅಥವಾ ಸೆಟ್ರಿಮೋನಿಯಂ ಕ್ಲೋರೈಡ್‌ನದು ಧನ. ಹೋಗಿ ಅಂಟಿಕೊಳ್ಳುತ್ತದೆ. ಹಾಳಾದ ಕೂದಲಿನಲ್ಲಿ ಋಣಾಂಶ ಜಾಸ್ತಿ ಇರುವುದರಿಂದ ಎಲ್ಲಿ ಬೇಕೋ ಅಲ್ಲೇ ಜಾಸ್ತಿ ಅಂಟುತ್ತದೆ. ಎಷ್ಟು ಚೆನ್ನಾಗಿದೆ ನೋಡಿ. ಪಟ್ಟಿಯ ಮೊದಲ ನಾಲ್ಕೈದು ಹೆಸರುಗಳಲ್ಲಿ ಇದರ ಜೊತೆ ಸೆಟಿಯರಿಲ್ ಆಲ್ಕೋಹಾಲ್ ಕಂಡರೆ ಗಾಬರಿ ಬೇಡ. ಅದು ಮೇಣದಂಥದ್ದು, ಕೂದಲು ಒಣಗಿಸುವ ಸ್ಪಿರಿಟ್ ಅಲ್ಲ. ಈ ಜೋಡಿ ಇರುವ ಕಡಿಮೆ ಬೆಲೆಯ ಕಂಡಿಷನರ್ ಬಹಳಷ್ಟು ತಲೆಗಳಿಗೆ ಸಾಕು.

1987ರಲ್ಲಿ ಪರ್ಟ್ ಪ್ಲಸ್ ಅಂತ ಒಂದು ಶಾಂಪೂ ಬಂತು. ತೊಳೆಯುವುದು ಮತ್ತು ನಯ ಮಾಡುವುದು ಒಂದೇ ಬಾಟಲಿಯಲ್ಲಿ. ಅಂಥ ಶಾಂಪೂಗಳೊಳಗೆ ನಡೆಯುವುದು ಸ್ವಾರಸ್ಯವಾಗಿದೆ. ಬಾಟಲಿಯಲ್ಲಿ ಇರುವಾಗ ತೊಳೆಯುವ ಪದಾರ್ಥ ಜಾಸ್ತಿ, ಹಾಗಾಗಿ ಪಾಲಿಮರ್ ಅದರಲ್ಲಿ ಕರಗಿರುತ್ತದೆ. ನಾವು ತಲೆಗೆ ನೀರು ಹುಯ್ದಾಗ ಅದು ತೆಳುವಾಗುತ್ತದೆ. ಆಗ ಎರಡೂ ಸೇರಿ ಸಣ್ಣ ಸಣ್ಣ ಹನಿಗಳಾಗಿ ಬೇರ್ಪಟ್ಟು, ಹೊಳಪು ಕೊಡುವ ಎಣ್ಣೆಯಂಥ ಸಿಲಿಕೋನನ್ನೂ ಎಳೆದುಕೊಂಡು ಕೂದಲಿನ ಮೇಲೆ ಕೂರುತ್ತವೆ. ತೊಳೆಯುವ ನೀರೇ ಲೇಪಿಸುವ ಕೆಲಸವನ್ನೂ ಮಾಡುತ್ತದೆ. ಪಟ್ಟಿಯಲ್ಲಿ ಪಾಲಿಕ್ವಾಟರ್ನಿಯಂ-10 ಅಥವಾ ಗುವಾರ್ ಹೈಡ್ರಾಕ್ಸಿಪ್ರೊಪೈಲ್‌ಟ್ರೈಮೋನಿಯಂ ಕ್ಲೋರೈಡ್ ಅಂತ ಇದ್ದರೆ ಈ ಆಟ ನಡೆಯುತ್ತಿದೆ ಅಂತ ಅರ್ಥ. ಇವತ್ತು ಇದು ಅತಿ ಸಾಮಾನ್ಯ ಶಾಂಪೂವಿನಲ್ಲೂ ಇದೆ.

ನನ್ನ ಅಭಿಪ್ರಾಯ ಕೇಳಿದರೆ, ಶಾಂಪೂ ಒಂದೆರಡು ನಿಮಿಷ ತಲೆಯಲ್ಲಿದ್ದು ಮೋರಿಗೆ ಹೋಗುವ ವಸ್ತು. ಜಾಸ್ತಿ ಖರ್ಚು ಮಾಡಲೇಬೇಕು ಅಂತ ಆಸೆ ಇದ್ದರೆ ತಲೆಯ ಮೇಲೇ ಉಳಿಯುವ ವಸ್ತುವಿಗೆ ಮಾಡಿ.

ಸರಿ, ಹೋಲಿಸುವುದು ಹೇಗೆ? ನಾವು ಸಾಮಾನ್ಯವಾಗಿ ಮಾಡುವುದು ಹೀಗೆ. ಹಳೆಯ ಬಾಟಲಿ ಮುಗಿಯಿತು, ಹೊಸದು ತಂದೆವು, ಹಾಕಿದೆವು, "ಪರವಾಗಿಲ್ಲ, ಮೊದಲಿನದಕ್ಕಿಂತ ಚೆನ್ನಾಗಿದೆ" ಅಂದೆವು. ಆದರೆ ಹಿಂದಿನ ವಾರದ ಕೂದಲು ಹೇಗಿತ್ತು ಅಂತ ಕೈಗೆ ನೆನಪಿರುವುದಿಲ್ಲ. ಹವೆ ಬದಲಾಗಿರುತ್ತದೆ, ನೀರು ಬದಲಾಗಿರಬಹುದು, ಪರಿಮಳ ಹೊಸದು. ಹೊಸ ಪರಿಮಳಕ್ಕೆ ಮನಸ್ಸು ಬೇಗ ಸೋಲುತ್ತದೆ.

ಕಂಪನಿಗಳು ತಮ್ಮ ಪ್ರಯೋಗದ ಸಲೂನುಗಳಲ್ಲಿ ಅರ್ಧ ತಲೆಯ ಪರೀಕ್ಷೆ ಮಾಡುತ್ತವೆ. ಒಂದೇ ತಲೆ, ಒಂದೇ ದಿನ, ಎಡಕ್ಕೆ ಒಂದು, ಬಲಕ್ಕೆ ಒಂದು. ಅದನ್ನು ನಾವೂ ಮಾಡಬಹುದು.

ಮೊದಲ ಕೆಲಸ, ಹಳೆಯ ಲೇಪ ತೆಗೆಯುವುದು. ಸಿಲಿಕೋನ್, ಪಾಲಿಮರ್ ಏನೂ ಇಲ್ಲದ ಸಾದಾ ಶಾಂಪೂವಿನಿಂದ ಇಡೀ ತಲೆ ತೊಳೆಯಿರಿ. ಇಲ್ಲದಿದ್ದರೆ ಹಳೆಯದರ ಮಾರ್ಕು ಹೊಸದರ ಲೆಕ್ಕಕ್ಕೆ ಹೋಗುತ್ತದೆ. ಎರಡು ಶಾಂಪೂಗಳನ್ನೂ ಒಂದೇ ಥರದ ಸಾದಾ ಬಾಟಲಿಗೆ ಮನೆಯಲ್ಲಿ ಯಾರಾದರೂ ಹಾಕಿ ಕೊಡಲಿ. ಯಾವುದರಲ್ಲಿ ಯಾವುದಿದೆ ಅಂತ ಅವರೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ, ನಿಮಗೆ ಹೇಳುವುದು ಬೇಡ. ಹಣೆಯಿಂದ ಕುತ್ತಿಗೆಯ ತನಕ ಸರಿಯಾಗಿ ನಡು ಬೈತಲೆ ತೆಗೆದು ಒಂದು ಭಾಗವನ್ನು ಕ್ಲಿಪ್ಪಿನಿಂದ ಗಟ್ಟಿಯಾಗಿ ಕಟ್ಟಿ. ಎರಡೂ ಕಡೆಗೆ ಅಳತೆ ಒಂದೇ ಇರಬೇಕು, ಒಂದೇ ಚಮಚದಿಂದ ಹಾಕಿ. ತೊಳೆಯುವಾಗ ತಲೆಯನ್ನು ಆ ಪಕ್ಕಕ್ಕೇ ವಾಲಿಸಿ, ಈ ಕಡೆಯ ನೊರೆ ಆ ಕಡೆಗೆ ಹರಿಯಬಾರದು. ಕಷ್ಟದ ಭಾಗ ಇದೇ. ಒಬ್ಬರು ನೀರು ಹುಯ್ಯಲು ಇದ್ದರೆ ಒಳ್ಳೆಯದು. ಶಾಂಪೂ ಹೋಲಿಸುವ ದಿನ ಕಂಡಿಷನರ್ ಬೇಡ. ಕಂಡಿಷನರ್ ಹೋಲಿಸುವ ದಿನ ಎರಡೂ ಕಡೆಗೆ ಒಂದೇ ಶಾಂಪೂ.

ಈಗ ಒದ್ದೆ ಕೂದಲನ್ನೇ ಬಾಚಿ. ಕಂಪನಿಗಳ ಲ್ಯಾಬಿನಲ್ಲಿ ಬಾಚಣಿಗೆ ಎಳೆಯಲು ಎಷ್ಟು ಬಲ ಬೇಕು ಅಂತ ಯಂತ್ರದಿಂದ ಅಳೆಯುತ್ತಾರೆ. ನಮಗೆ ಯಂತ್ರ ಬೇಡ, ಅಗಲ ಹಲ್ಲಿನ ಬಾಚಣಿಗೆ ಸಾಕು. ಮೇಲಿಂದ ಕೆಳಗೆ ಎಳೆಯುವಾಗ ಎಲ್ಲಿ ಸಿಕ್ಕಿಕೊಳ್ಳುತ್ತದೆ, ಎಷ್ಟು ಸಲ ನಿಲ್ಲುತ್ತದೆ ಅಂತ ಎಣಿಸಿ. ಬಾಚಣಿಗೆಗೆ ಬಂದ ಕೂದಲು ನೋಡಿ ಹೆದರಬೇಡಿ, ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಬುಡದಿಂದ ಬಂದದ್ದಕ್ಕೂ ನಡುವೆ ಮುರಿದದ್ದಕ್ಕೂ ವ್ಯತ್ಯಾಸ ಗಮನಿಸಿ. ಬುಡದಿಂದ ಬಂದದ್ದರ ಒಂದು ತುದಿಯಲ್ಲಿ ಪುಟ್ಟ ಬಿಳಿ ಗಂಟು ಇರುತ್ತದೆ. ಮುರಿದು ಬಂದ ತುಂಡುಗಳು ಒಂದು ಕಡೆ ಜಾಸ್ತಿ ಇದ್ದರೆ ಅದು ಲೆಕ್ಕಕ್ಕೆ ಬರುತ್ತದೆ.

ಗಾಳಿಗೆ ಒಣಗಲು ಬಿಡಿ. ಒಣಗಿದ ಮೇಲೆ ಕಣ್ಣು ಮುಚ್ಚಿ ಎರಡೂ ಕೈಯಿಂದ ಒಟ್ಟಿಗೆ ಮುಟ್ಟಿ. ಮರುದಿನ ಬೆಳಿಗ್ಗೆ ಮತ್ತೊಮ್ಮೆ ನೋಡಿ, ಬುಡದಲ್ಲಿ ಯಾವ ಕಡೆ ಬೇಗ ಜಿಡ್ಡಾಗಿದೆ, ಯಾವ ಕಡೆ ಹಾರಾಡುತ್ತಿದೆ. ಮುಂದಿನ ಸ್ನಾನಕ್ಕೆ ಪಕ್ಕ ಬದಲಿಸಿ. ಇದನ್ನು ಬಿಡಬೇಡಿ. ನಾವು ಮಲಗುವುದು ಒಂದೇ ಮಗ್ಗುಲಿಗೆ ಜಾಸ್ತಿ, ಬಾಚುವುದು ಒಂದೇ ಕೈಯಲ್ಲಿ. ಹಾಗಾಗಿ ಎರಡು ಪಕ್ಕದ ಕೂದಲು ಮೊದಲೇ ಒಂದೇ ಥರ ಇರುವುದಿಲ್ಲ. ಪಕ್ಕ ಬದಲಿಸಿದ ಮೇಲೂ ಅದೇ ಬಾಟಲಿ ಗೆದ್ದರೆ ಮಾತ್ರ ಗೆದ್ದ ಹಾಗೆ. ಸಿಲಿಕೋನ್ ಇರುವ ಮಾಲು ಮೊದಲ ಸಲ ಬಹಳ ಚೆನ್ನಾಗಿ ಕಂಡು, ನಾಲ್ಕೈದು ಸ್ನಾನದ ನಂತರ ಕೆಲವರಿಗೆ ಭಾರ ಅನ್ನಿಸುತ್ತದೆ. ಅದಕ್ಕೇ ಒಂದೇ ಸಲಕ್ಕೆ ತೀರ್ಪು ಕೊಡಬೇಡಿ ಅನ್ನುವುದು.

ಹೀಗೆ ಮಾಡಿದವರಿಗೆ ಬಹಳ ಸಲ ಸಿಗುವ ಉತ್ತರ ಏನು ಗೊತ್ತಾ? "ವ್ಯತ್ಯಾಸವೇ ಗೊತ್ತಾಗಲಿಲ್ಲ." ನಿರಾಸೆ ಬೇಡ. ಅದು ಬಹಳ ಒಳ್ಳೆಯ ಉತ್ತರ. ಕಡಿಮೆ ಬೆಲೆಯದನ್ನೇ ತನ್ನಿ.

ಡಬ್ಬಿಯ ಮೇಲಿನ ಮಾತುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. "ಕೂದಲು ಮುರಿಯುವುದು ಇಷ್ಟು ಶೇಕಡಾ ಕಡಿಮೆ" ಅಂತ ಇದ್ದರೆ ಪಕ್ಕದ ನಕ್ಷತ್ರ ಚಿಹ್ನೆಯನ್ನು ಹುಡುಕಿ. ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ "ಕಂಡಿಷನಿಂಗ್ ಇಲ್ಲದ ಶಾಂಪೂಗೆ ಹೋಲಿಸಿದಾಗ" ಅಂತ ಇರುತ್ತದೆ. ಅಂಥದ್ದಕ್ಕೆ ಹೋಲಿಸಿದರೆ ಯಾವ ಕಂಡಿಷನರ್ ತಾನೇ ಗೆಲ್ಲುವುದಿಲ್ಲ? "ಹೈಪೊಅಲರ್ಜೆನಿಕ್", ಅಂದರೆ ಅಲರ್ಜಿ ತರುವುದು ಕಡಿಮೆ, ಅನ್ನುವುದಕ್ಕೆ ಅಮೆರಿಕದಲ್ಲಿ ಕಾನೂನಿನ ಅಳತೆಗೋಲು ಇಲ್ಲ. ಅಲ್ಲಿನ ಎಫ್‌ಡಿಎ ಎಂಬ ಸರ್ಕಾರಿ ಸಂಸ್ಥೆ 1975ರಲ್ಲಿ ನಿಯಮ ತಂದು, ಹಾಗೆ ಬರೆಯಬೇಕಾದರೆ ಪರೀಕ್ಷೆ ಮಾಡಿ ತೋರಿಸಿ ಅಂದಿತು. ಕ್ಲಿನಿಕ್ ಮತ್ತು ಆಲ್ಮೇ ಕಂಪನಿಗಳು ಕೋರ್ಟಿಗೆ ಹೋದವು. 1977ರಲ್ಲಿ ನಿಯಮ ಬಿದ್ದುಹೋಯಿತು. ಅಂದಿನಿಂದ ಅದನ್ನು ಯಾರು ಬೇಕಾದರೂ ಬರೆದುಕೊಳ್ಳುತ್ತಿದ್ದಾರೆ.

ಮುಖದ ಮೇಕಪ್ಪಿಗೂ ಇದೇ ಅರ್ಧರ್ಧ ವಿಧಾನ. ಫೌಂಡೇಶನ್ ಅನ್ನು ಮಣಿಕಟ್ಟಿಗೆ ಹಚ್ಚಿ ನೋಡುವುದು ಸುಮ್ನೆ. ಮಣಿಕಟ್ಟಿನ ಬಣ್ಣ ಮುಖದ ಬಣ್ಣ ಅಲ್ಲ. ದವಡೆಯ ಅಂಚಿನಲ್ಲಿ, ಕುತ್ತಿಗೆಗೆ ಇಳಿಯುವ ಹಾಗೆ ಎಳೆಯಿರಿ. ಕಿಟಕಿಯ ಬೆಳಕಿಗೆ ಬನ್ನಿ. ಒಂದರ್ಧ ಗಂಟೆ ಬಿಡಿ. ಹಚ್ಚಿದ ಕೂಡಲೇ ಇದ್ದ ಶೇಡ್ ಆರಿದ ಮೇಲೆ ಇರುವುದಿಲ್ಲ. ಆರಿ ಹೋಗುವ ದ್ರವ ಹೋಗಿ, ಚರ್ಮದ ಜಿಡ್ಡು ಸೇರಿ, ಹಲವು ಫೌಂಡೇಶನ್‌ಗಳು ಒಂದು ಮೆಟ್ಟಿಲು ಗಾಢವಾಗುತ್ತವೆ. ಆಮೇಲೆ ಇಡೀ ದಿನ ಅರ್ಧ ಮುಖಕ್ಕೆ ಒಂದು, ಅರ್ಧಕ್ಕೆ ಇನ್ನೊಂದು. ಮೂಗಿನ ಪಕ್ಕ, ಕಣ್ಣಿನ ಕೆಳಗೆ, ಬಾಯಿಯ ಸುತ್ತ, ಈ ಮೂರು ಜಾಗ ನೋಡಿದರೆ ಸಾಕು, ಮುಖದ ಉಳಿದ ಭಾಗದಲ್ಲಿ ಎಲ್ಲ ಫೌಂಡೇಶನ್ನೂ ಒಳ್ಳೆಯದೇ.

ಒಂದು ಎಚ್ಚರಿಕೆ. ಕೆಳಗೆ ಹಚ್ಚಿದ ಕ್ರೀಮಿಗೂ ಮೇಲಿನ ಫೌಂಡೇಶನ್‌ಗೂ ಜಗಳ ಇರುವುದುಂಟು. ಒಂದು ನೀರಿನದು, ಇನ್ನೊಂದು ಸಿಲಿಕೋನಿನದು ಆದರೆ ಕೆಲವೊಮ್ಮೆ ಉಜ್ಜಿದ ಕಡೆ ಸುರುಳಿ ಸುರುಳಿಯಾಗಿ ಏಳುತ್ತದೆ. ಜನ ಅಗ್ಗದ ಫೌಂಡೇಶನ್ನನ್ನು ಬಯ್ಯುತ್ತಾರೆ. ತಪ್ಪು ಜೋಡಿಯದು. ಹೋಲಿಸುವಾಗ ಕೆಳಗಿನ ಕ್ರೀಮು ಎರಡೂ ಕಡೆ ಒಂದೇ ಇರಲಿ.

ದುಬಾರಿಯದು ನಿಜಕ್ಕೂ ಗೆಲ್ಲುವ ಕಡೆ ಇಲ್ಲವೇ? ಇದೆ. ಮೊದಲನೆಯದು ಶೇಡುಗಳ ಸಂಖ್ಯೆ. 2017ರಲ್ಲಿ ಫೆಂಟಿ ಬ್ಯೂಟಿ 40 ಶೇಡುಗಳ ಫೌಂಡೇಶನ್ ತಂದಾಗ ಅಷ್ಟು ದೊಡ್ಡ ಸುದ್ದಿಯಾದದ್ದು, ಅದಕ್ಕೆ ಮೊದಲು ಗಾಢ ಬಣ್ಣದ ಚರ್ಮದವರಿಗೆ ಆಯ್ಕೆ ಅಷ್ಟು ಕಡಿಮೆ ಇದ್ದದ್ದರಿಂದ. ನಿಮ್ಮ ಬಣ್ಣಕ್ಕೆ ಹೊಂದುವ ಶೇಡ್ ಅಗ್ಗದ ಸಾಲಿನಲ್ಲಿ ಇಲ್ಲದಿದ್ದರೆ ಅಗ್ಗದ್ದನ್ನು ಹೊಗಳಿ ಏನು ಪ್ರಯೋಜನ? ಎರಡನೆಯದು ಪೇಟೆಂಟ್ ಇರುವ ವಸ್ತು. 2014ರಲ್ಲಿ ಬಂದ, ಹಾಳಾದ ಕೂದಲಿಗೆ ಹಚ್ಚುವ ಓಲಾಪ್ಲೆಕ್ಸ್‌ನ ಮುಖ್ಯ ಅಣು ಅವರದೇ ಪೇಟೆಂಟ್. "ಅದೇ ಥರದ್ದು" ಅಂತ ಬರುವ ಅಗ್ಗದ ಬಾಟಲಿಗಳಲ್ಲಿ ಸಾಮಾನ್ಯವಾಗಿ ಬೇರೆ ಆಮ್ಲಗಳಿರುತ್ತವೆ. ಕೆಲಸ ಮಾಡಬಹುದು, ಆದರೆ ಅದೇ ವಸ್ತು ಅಲ್ಲ. ಇನ್ನು ಐಶ್ಯಾಡೋ ಪುಡಿಯ ನಯ, ಮಸ್ಕರಾ ಬ್ರಷ್ಷಿನ ಆಕಾರ. ಮಸ್ಕರಾದಲ್ಲಿ ಒಳಗಿನ ದ್ರವಕ್ಕಿಂತ ಬ್ರಷ್ಷೇ ಅರ್ಧ ಕೆಲಸ ಮಾಡುತ್ತದೆ. ಆದರೆ ಒಳ್ಳೆಯ ಬ್ರಷ್ ಅಗ್ಗದ ಮಸ್ಕರಾದಲ್ಲೂ ಸಿಗುತ್ತದೆ ಅನ್ನುವುದೂ ನಿಜ.

ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ರಕ್ಷಣೆ ಅನ್ನುವ ಅಳತೆ) ಇರುವ ಫೌಂಡೇಶನ್ ಅಂತ ಜಾಸ್ತಿ ಕೊಡುವುದು ಬೇಡ. ಎಸ್‌ಪಿಎಫ್ ಅಳೆಯುವಾಗ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ಅಷ್ಟು ದಪ್ಪ ಫೌಂಡೇಶನ್ ಹಚ್ಚಿಕೊಂಡು ಯಾರೂ ಮನೆಯಿಂದ ಹೊರಗೆ ಕಾಲಿಡುವುದಿಲ್ಲ. ಸನ್‌ಸ್ಕ್ರೀನ್ ಬೇರೆಯೇ ಇರಲಿ.

ಇಷ್ಟೆಲ್ಲ ಅಗ್ಗದ್ದರ ಪರ ಮಾತಾಡಿದ ಮೇಲೆ ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಅಗ್ಗದ ಮಾಲು ಬೇರೆ, ನಕಲಿ ಮಾಲು ಬೇರೆ. ದೊಡ್ಡ ಹೆಸರಿನ ಡಬ್ಬಿ ನಂಬಲಾಗದಷ್ಟು ಕಡಿಮೆಗೆ ಸಿಕ್ಕರೆ ನಂಬಬೇಡಿ. ಒಳಗೆ ಏನಿದೆ ಅಂತ ಯಾರೂ ಜವಾಬ್ದಾರಿ ಹೊರುವುದಿಲ್ಲ. ಸಾಮಾನ್ಯ ಬ್ರ್ಯಾಂಡಿನ ನಿಜವಾದ ಡಬ್ಬಿ ಅದಕ್ಕಿಂತ ನೂರು ಪಾಲು ಮೇಲು. ಬ್ಯಾಚ್ ಸಂಖ್ಯೆ, ತಯಾರಕರ ವಿಳಾಸ, ಪದಾರ್ಥಗಳ ಪಟ್ಟಿ ಈ ಮೂರರಲ್ಲಿ ಒಂದಿಲ್ಲದಿದ್ದರೂ ವಾಪಸ್ ಇಡಿ.

ಅದರಲ್ಲೂ ವಾರದಲ್ಲಿ ಬೆಳ್ಳಗಾಗಿಸುತ್ತೇವೆ ಅನ್ನುವ ಕ್ರೀಮುಗಳು. ಕೆಲವದರಲ್ಲಿ ಪಾದರಸ ಇರುತ್ತದೆ. ಅದು ಮೂತ್ರಪಿಂಡ ಮತ್ತು ನರಗಳನ್ನು ಹಾಳು ಮಾಡುತ್ತದೆ. ಪಾದರಸದ ಬಳಕೆ ತಡೆಯಲು ಹಲವು ದೇಶಗಳು ಮಾಡಿಕೊಂಡ ಮಿನಮಾಟಾ ಒಪ್ಪಂದ 10 ಲಕ್ಷದಲ್ಲಿ 1 ಪಾಲಿಗಿಂತ ಜಾಸ್ತಿ ಪಾದರಸ ಇರುವ ಸೌಂದರ್ಯ ಸಾಧನಗಳನ್ನು 2020ಕ್ಕೆ ನಿಲ್ಲಿಸಬೇಕು ಅಂದಿತ್ತು. ಆದರೂ ಅವು ಮಾರುಕಟ್ಟೆಯಿಂದ ಪೂರ್ತಿ ಹೋಗಿಲ್ಲ. ಇದನ್ನು ಹೋಲಿಸಿ ನೋಡುವ ಮಾತೇ ಇಲ್ಲ, ದೂರ ಇಡಿ.

ಕೂದಲಿನ ಬಣ್ಣದಲ್ಲೂ ಹುಷಾರು. ಗಾಢ ಬಣ್ಣಗಳಲ್ಲಿ ಬಹಳ ಸಲ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ, ಬೆಲೆ ಎಷ್ಟೇ ಇರಲಿ. ಕೆಲವರಿಗೆ ಅದು ಜೋರಾದ ಅಲರ್ಜಿ ತರುತ್ತದೆ. ಮುಖ ಊದಿಕೊಳ್ಳುವ ಮಟ್ಟಕ್ಕೆ ಹೋಗಬಹುದು. ಹಾಕುವ 48 ಗಂಟೆ ಮೊದಲು ಕಿವಿಯ ಹಿಂದೆ ಅಥವಾ ಮೊಣಕೈ ಒಳಗೆ ಪ್ಯಾಕಿನಲ್ಲಿ ಹೇಳಿದಂತೆ ಹಚ್ಚಿ ನೋಡಿ. ಹಿಂದಿನ ಸಲ ಏನೂ ಆಗಿರಲಿಲ್ಲ ಅನ್ನುವುದು ಇಲ್ಲಿ ನಡೆಯುವುದಿಲ್ಲ. ಹಲವು ಸಲ ಬಳಸಿದ ಮೇಲೂ ಅಲರ್ಜಿ ಬರಬಹುದು.

ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳು.

"ಸೀರಮ್ ಬದಲು ತೆಂಗಿನೆಣ್ಣೆ ಸಾಕಾ?" ಎರಡರ ಕೆಲಸ ಬೇರೆ. 2003ರ ಒಂದು ಅಧ್ಯಯನದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿದರು. ತೊಳೆಯುವಾಗ ಕೂದಲಿನ ಪ್ರೋಟೀನ್ ನಷ್ಟ ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಮಾತ್ರ. ಅದರಲ್ಲಿರುವ ಲಾರಿಕ್ ಆಮ್ಲದ ಅಣು ಸಣ್ಣದು, ನೇರವಾದದ್ದು, ಕೂದಲಿನ ಒಳಗೆ ಇಳಿಯುತ್ತದೆ ಅನ್ನುವುದು ಅವರ ವಿವರಣೆ. ಆ ಅಧ್ಯಯನ ಮಾಡಿದ್ದು ತೆಂಗಿನೆಣ್ಣೆ ಮಾರುವ ಕಂಪನಿಯವರೇ ಅನ್ನುವುದನ್ನೂ ಹೇಳಿಬಿಡುತ್ತೇನೆ. ಫಲಿತಾಂಶ ಸುಳ್ಳು ಅಂತಲ್ಲ, ಯಾರು ಅಳೆದರು ಅಂತ ಗೊತ್ತಿರಲಿ. ಸೀರಮ್‌ಗಳಲ್ಲಿ ಹೆಚ್ಚಿನವು ಸಿಲಿಕೋನ್. ಅದು ಹೊರಗೆ ಕೂತು ಹೊಳಪು ಕೊಡುತ್ತದೆ, ಸಿಕ್ಕು ತಪ್ಪಿಸುತ್ತದೆ. ಎಣ್ಣೆ ಸ್ನಾನಕ್ಕೆ ಮೊದಲು, ಸೀರಮ್ ಸ್ನಾನವಾದ ಮೇಲೆ. ಸೀರಮ್ ಅಗ್ಗದ್ದೇ ಸಾಕು.

"ವಿಡಿಯೋ ನೋಡಿ ಕೊಳ್ಳಬಹುದಾ?" ಬಣ್ಣ ಹೇಗಿದೆ ಅಂತ ಒಂದು ಅಂದಾಜು ಸಿಗುತ್ತದೆ. ಅದಕ್ಕಿಂತ ಜಾಸ್ತಿ ನಂಬಬೇಡಿ. ಮುಖದ ಮುಂದೆ ದೀಪ, ಮೇಲೆ ಫಿಲ್ಟರು, ಹಚ್ಚಿ ಹತ್ತು ನಿಮಿಷಕ್ಕೆ ತೀರ್ಪು. ಸಂಜೆ ಅದೇ ಮುಖ ಹೇಗಿತ್ತು ಅಂತ ತೋರಿಸುವವರು ಕಡಿಮೆ. ತೋರಿಸುವವರು ಸಿಕ್ಕರೆ, ಅವರ ಚರ್ಮ ನಿಮ್ಮದರ ಥರ ಇದ್ದರೆ, ಬಿಡದೆ ನೋಡಿ.

"ತೆರೆದ ಮೇಲೆ ಎಷ್ಟು ದಿನ ಇಡಬಹುದು?" ಡಬ್ಬಿಯ ಹಿಂದೆ ಮುಚ್ಚಳ ತೆರೆದ ಪುಟ್ಟ ಡಬ್ಬಿಯ ಚಿತ್ರ ಇರುತ್ತದೆ. ಅದರ ಮೇಲೆ 6 ಅಥವಾ 12 ಅಂತ ಬರೆದು ಪಕ್ಕದಲ್ಲಿ ಎಂ ಅಕ್ಷರ. ತೆರೆದ ಮೇಲೆ ಅಷ್ಟು ತಿಂಗಳು. ತೆರೆದ ದಿನವನ್ನು ಪೆನ್ನಿನಲ್ಲಿ ಡಬ್ಬಿಯ ತಳದಲ್ಲಿ ಬರೆದಿಡಿ, ಇಲ್ಲದಿದ್ದರೆ ಯಾರಿಗೂ ನೆನಪಿರುವುದಿಲ್ಲ. ಪುಡಿಗಳು ಬಹಳ ದಿನ ಬರುತ್ತವೆ. ಮಸ್ಕರಾ ಮಾತ್ರ ಮೂರರಿಂದ ಆರು ತಿಂಗಳು. ಬ್ರಷ್ ಪ್ರತಿ ಸಲ ಕಣ್ಣಿನ ಅಂಚಿಗೆ ತಾಗಿ ಮತ್ತೆ ಟ್ಯೂಬಿನೊಳಗೇ ಹೋಗುತ್ತದೆ. ಒಣಗಿತು ಅಂತ ಅದಕ್ಕೆ ನಲ್ಲಿ ನೀರು ಬಿಡುವವರಿದ್ದಾರೆ, ಎಂಜಲು ಹಚ್ಚುವವರೂ ಇದ್ದಾರೆ. ಅದರಿಂದ ಕೆಡದಂತೆ ಕಾಯುವ ಪದಾರ್ಥ ತೆಳುವಾಗಿ ಹೋಗುತ್ತದೆ, ಸೂಕ್ಷ್ಮಾಣುಗಳಿಗೆ ದಾರಿಯಾಗುತ್ತದೆ. ಒಣಗಿದ್ದನ್ನು ಬಿಸಾಕಿ, ಅಗ್ಗದ್ದೇ ಇನ್ನೊಂದು ತನ್ನಿ.